ಫೆರೆಟ್ ನಮ್ಮ ಮನೆಗೆ ಹೊಂದುತ್ತದೆಯೇ? – ಓದುಗರ ಪ್ರಶ್ನೆ, ಪಶುವೈದ್ಯರ ಉತ್ತರ

ಈ ಸಲ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹಲವು ಒಂದೇ ಪ್ರಾಣಿಯನ್ನು ಕುರಿತವು. ಹೊರದೇಶಗಳಲ್ಲಿ ನೆಲೆಸಿರುವ ಕನ್ನಡಿಗರು ಅಲ್ಲಿನ ಅಂಗಡಿಗಳಲ್ಲಿ, ಸ್ನೇಹಿತರ ಮನೆಗಳಲ್ಲಿ ಫೆರೆಟ್ ನೋಡಿ ಬರೆದಿದ್ದಾರೆ. ಊರಿನಲ್ಲಿರುವವರು ಮೊಬೈಲ್‌ನಲ್ಲಿ ಅದರ ಆಟ ನೋಡಿ ಬರೆದಿದ್ದಾರೆ. ಅದನ್ನು ಕಂಡಿರದವರಿಗಾಗಿ ಒಂದೆರಡು ಮಾತು: ಯುರೋಪಿನ ಪೋಲ್‌ಕ್ಯಾಟ್ ಎಂಬ ಕಾಡುಪ್ರಾಣಿಯನ್ನು ಸುಮಾರು 2,000 ವರ್ಷಗಳಿಗೂ ಹಿಂದೆ ಪಳಗಿಸಿ, ಬಿಲದೊಳಗಿನ ಮೊಲಗಳನ್ನು ಹೊರಗಟ್ಟಲು ಬಳಸುತ್ತ ಬಂದದ್ದರಿಂದ ರೂಪುಗೊಂಡ ಸಾಕುಪ್ರಾಣಿ ಫೆರೆಟ್. ಉದ್ದನೆಯ ಮೈ, ಗಿಡ್ಡ ಕಾಲು. ಹೆಣ್ಣು ಅರ್ಧದಿಂದ ಒಂದು ಕಿಲೋ, ಗಂಡು ಒಂದರಿಂದ ಎರಡು ಕಿಲೋ ತೂಗುತ್ತದೆ. ನೋಟಕ್ಕೆ ಮುಂಗುಸಿಯಂತಿದ್ದರೂ ಮುಂಗುಸಿಗೂ ಇದಕ್ಕೂ ಹತ್ತಿರದ ನಂಟಿಲ್ಲ. ನಮ್ಮ ತುಂಗಭದ್ರೆಯ ನೀರುನಾಯಿ, ನಮ್ಮ ಕಾಡಿನ ತರಕರಡಿ (ಹನಿ ಬ್ಯಾಜರ್) ಇದರ ಬಳಗದವು. ಆ ಬಳಗದ ಚುರುಕು, ಕುತೂಹಲ, ಹಲ್ಲಿನ ಬಲ ಎಲ್ಲವೂ ಇದಕ್ಕೂ ಬಂದಿವೆ.

ಪ್ರಶ್ನೆ: ನಾವು ಅಮೆರಿಕದ ಡಲ್ಲಾಸ್ ಬಳಿ ಇದ್ದೇವೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಹತ್ತು ವರ್ಷದ ಮಗಳು ಸಾಕುಪ್ರಾಣಿಗಳ ಅಂಗಡಿಯಲ್ಲಿ ಫೆರೆಟ್ ಮರಿ ಎತ್ತಿಕೊಂಡ ದಿನದಿಂದ ಅದೇ ಬೇಕೆಂದು ಹಟ ಹಿಡಿದಿದ್ದಾಳೆ. ನಾಯಿಯನ್ನು ದಿನವೂ ತಿರುಗಾಡಿಸಲು ನಮಗೆ ಸಮಯವಿಲ್ಲ. ಫೆರೆಟ್ ಗೂಡಿನಲ್ಲೇ ಇರುವುದರಿಂದ ಸುಲಭವೆಂದು ಅಂಗಡಿಯವರು ಹೇಳಿದರು. ನಾವು ಸಸ್ಯಾಹಾರಿಗಳು. ಎರಡು ವರ್ಷಕ್ಕೊಮ್ಮೆ ಊರಿಗೆ ಬಂದು ಐದಾರು ವಾರ ಇರುತ್ತೇವೆ. ತರಬಹುದೇ?

ಉತ್ತರ: ನಿಮ್ಮ ಪತ್ರದಲ್ಲೇ ಉತ್ತರಕ್ಕೆ ಬೇಕಾದ ಎಲ್ಲ ಸಂಗತಿಗಳೂ ಇವೆ, ಒಂದೊಂದಾಗಿ ನೋಡೋಣ.

ಮೊದಲನೆಯದಾಗಿ, ಫೆರೆಟ್ ಗೂಡಿನ ಪ್ರಾಣಿಯಲ್ಲ. ಅದು ದಿನಕ್ಕೆ 14ರಿಂದ 18 ತಾಸು ನಿದ್ರಿಸುತ್ತದೆ ಎಂಬುದು ನಿಜ. ಆ ನಿದ್ರೆಗೆ ಗೂಡು ಸಾಕು. ಎದ್ದಿರುವ ವೇಳೆಗೆ ಗೂಡು ಸಾಲುವುದಿಲ್ಲ. ದಿನಕ್ಕೆ ಕನಿಷ್ಠ ನಾಲ್ಕು ತಾಸು ಅದು ಮನೆಯೊಳಗೆ ಓಡಾಡಬೇಕು ಎಂಬುದು ಫೆರೆಟ್ ಬಲ್ಲವರು ಸಾಮಾನ್ಯವಾಗಿ ಹೇಳುವ ಅಳತೆ. ಆ ನಾಲ್ಕು ತಾಸೂ ಮನೆಯ ದೊಡ್ಡವರೊಬ್ಬರ ಕಣ್ಣು ಅದರ ಮೇಲಿರಬೇಕು. ಅದೃಷ್ಟವಶಾತ್ ಬೆಳಗಿನ ಜಾವ ಮತ್ತು ಸಂಜೆ ಅದು ಹೆಚ್ಚು ಚುರುಕಾಗಿರುತ್ತದೆ, ಮನೆಯವರ ದಿನಚರಿಗೆ ತನ್ನ ನಿದ್ರೆಯನ್ನು ಹೊಂದಿಸಿಕೊಳ್ಳಲೂ ಬಲ್ಲದು. ಆದ್ದರಿಂದ ಕೆಲಸಕ್ಕೆ ಹೋಗುವವರು ಸಾಕಲೇಬಾರದೆಂದು ನಾನು ಹೇಳುವುದಿಲ್ಲ. ಆದರೆ ಕೆಲಸದಿಂದ ಬಂದ ಮೇಲೆ ಅಡುಗೆ, ಮಗಳ ಪಾಠ, ಭರತನಾಟ್ಯದ ತರಗತಿ, ಫೋನ್ ಕರೆಗಳ ನಡುವೆ ಈ ತಾಸುಗಳು ಎಲ್ಲಿವೆ ಎಂಬುದನ್ನು ಪ್ರಾಣಿ ತರುವ ಮೊದಲೇ ಗಂಡ ಹೆಂಡತಿ ಕುಳಿತು ಲೆಕ್ಕ ಹಾಕಬೇಕು. ದಿನವಿಡೀ ಗೂಡಿನಲ್ಲಿ ಕೂಡಿಹಾಕಿದ ಫೆರೆಟ್ ಸರಳುಗಳನ್ನು ಕಚ್ಚಿ ಹಲ್ಲು ಮುರಿದುಕೊಂಡದ್ದನ್ನು ಪಶುವೈದ್ಯರು ಕಾಣುತ್ತಲೇ ಇರುತ್ತಾರೆ.

ಕಣ್ಣಿರಬೇಕು ಎಂದೆನಲ್ಲ, ಅದರ ಕಾರಣ ಹೇಳುತ್ತೇನೆ. ಎರಡೂವರೆ ಸೆಂಟಿಮೀಟರ್ ಸಂದು ಸಿಕ್ಕರೂ ಫೆರೆಟ್ ಅದರೊಳಗೆ ತೂರಬಲ್ಲದು. ತಲೆ ಹೋದಲ್ಲಿ ಮೈ ಹೋಗುತ್ತದೆ. ಪಾತ್ರೆ ತೊಳೆಯುವ ಯಂತ್ರದ ಹಿಂಬದಿ, ಬಟ್ಟೆ ಒಣಗಿಸುವ ಯಂತ್ರದ ಕೊಳವೆ, ಸೋಫಾದ ಹೊಟ್ಟೆ ಎಲ್ಲವೂ ಅದಕ್ಕೆ ಬಿಲಗಳೇ. ಕಾಲು ಚಾಚಿ ಒರಗುವ ರಿಕ್ಲೈನರ್ ಕುರ್ಚಿಯ ಅಡಿಯ ಕಬ್ಬಿಣದ ಮಡಿಕೆಗಳ ನಡುವೆ ಮಲಗಿದ್ದ ಫೆರೆಟ್, ಮನೆಯವರು ತಿಳಿಯದೆ ಕುರ್ಚಿ ಮಡಿಚಿದಾಗ ನಜ್ಜುಗುಜ್ಜಾದ ಪ್ರಕರಣಗಳು ಹೊಸವೇನಲ್ಲ. ಆ ಕುರ್ಚಿ ಇರುವ ಕೋಣೆಗೆ ಅದನ್ನು ಬಿಡಲೇಬಾರದು. ಇನ್ನೊಂದು ಅಪಾಯ ರಬ್ಬರ್. ಚಪ್ಪಲಿಯ ಅಟ್ಟೆ, ಇಯರ್‌ಫೋನಿನ ತುದಿ, ಆಟಿಕೆಯ ಚೂರು, ಸ್ಪಂಜು ಇವೆಲ್ಲ ಅದಕ್ಕೆ ಬಲು ಇಷ್ಟ. ಕಚ್ಚಿ ನುಂಗಿದರೆ ಕರುಳು ಕಟ್ಟಿಕೊಳ್ಳುತ್ತದೆ. ಒಂದು ದಿನದಿಂದ ಮಂಕಾಗಿದೆ, ಏನೂ ತಿನ್ನುತ್ತಿಲ್ಲ ಎಂದು ತಂದ ಫೆರೆಟ್ ಒಂದರ ಹೊಟ್ಟೆ ತೆರೆದಾಗ ಕರುಳಿನಲ್ಲಿ ಸಿಕ್ಕಿಕೊಂಡಿದ್ದುದು ಟಿವಿ ರಿಮೋಟಿನ ಬೂದು ಗುಂಡಿ. ಅದರ ಮೇಲಿನ 5 ಎಂಬ ಅಂಕಿ ಕೂಡ ಅಳಿಸಿರಲಿಲ್ಲ. ಆ ಮನೆಯವರು ಅಸಡ್ಡೆಯ ಜನರಲ್ಲ. ರಿಮೋಟನ್ನು ಸೋಫಾದ ಮೇಲೆ ಬಿಡುವುದು ಎಲ್ಲರ ಮನೆಯ ರೂಢಿ, ಅಷ್ಟೆ. ಫೆರೆಟ್ ಬಂದ ಮನೆಯಲ್ಲಿ ಆ ರೂಢಿ ಬದಲಾಗಬೇಕು.

ಈಗ ಆಹಾರದ ಮಾತು. ಇದನ್ನು ನಾನು ಸ್ವಲ್ಪ ಒತ್ತಿಯೇ ಹೇಳಬೇಕಾಗಿದೆ, ಏಕೆಂದರೆ ನಮ್ಮವರ ಮನೆಗಳಲ್ಲಿ ನಾಯಿಗೆ ಮೊಸರನ್ನ ಹಾಕಿ ಸಾಕುವುದು ರೂಢಿ, ನಾಯಿ ಅದರಲ್ಲಿ ಹೇಗೋ ಬದುಕುತ್ತದೆ. ಫೆರೆಟ್ ಬದುಕುವುದಿಲ್ಲ. ಅದು ಮಾಂಸವನ್ನಷ್ಟೇ ಜೀರ್ಣಿಸಿಕೊಳ್ಳಬಲ್ಲ ಪ್ರಾಣಿ. ಅದರ ಕರುಳು ಗಿಡ್ಡ, ತಿಂದದ್ದು ಮೂರು ನಾಲ್ಕು ತಾಸಿನಲ್ಲಿ ಹೊರಬರುತ್ತದೆ. ನಾರಿನ ಪದಾರ್ಥವನ್ನು ಅರಗಿಸುವ ಅಂಗವೇ ಅದಕ್ಕಿಲ್ಲ. ಆಹಾರದಲ್ಲಿ 35ರಿಂದ 40 ಶೇಕಡಾ ಪ್ರೋಟೀನ್, ಅದೂ ಪ್ರಾಣಿಜನ್ಯ ಪ್ರೋಟೀನ್, ಜೊತೆಗೆ ಸುಮಾರು 20 ಶೇಕಡಾ ಕೊಬ್ಬು ಬೇಕು. ಅನ್ನ, ಹಾಲು, ಬೇಳೆ, ಬಾಳೆಹಣ್ಣು, ಒಣದ್ರಾಕ್ಷಿ ಯಾವುದೂ ಅದರ ಆಹಾರವಲ್ಲ. ಸಿಹಿಯನ್ನು ಅದು ಆಸೆಯಿಂದ ನೆಕ್ಕುತ್ತದೆ ಎಂಬುದೇ ಕೊಡಲು ಕಾರಣವಾಗಕೂಡದು. ನಾಯಿಯ ಆಹಾರವೂ ಅದಕ್ಕೆ ಸಾಲದು. ಕೋಳಿ ಮಾಂಸವೇ ಮುಖ್ಯವಾಗಿರುವ ಫೆರೆಟ್ ಆಹಾರದ ಒಣ ಗುಳಿಗೆಗಳು ಅಂಗಡಿಯಲ್ಲಿ ಸಿಗುತ್ತವೆ. ಬಟ್ಟಲು ಹಗಲು ರಾತ್ರಿ ತುಂಬಿರಬೇಕು, ಏಕೆಂದರೆ ಅದು ದಿನಕ್ಕೆ ಎಂಟು ಹತ್ತು ಸಲ ಸ್ವಲ್ಪ ಸ್ವಲ್ಪ ತಿನ್ನುತ್ತದೆ. ಆ ಗುಳಿಗೆಯ ಚೀಲ ನಿಮ್ಮ ಮನೆಯೊಳಗೆ ಇರಬಹುದೇ, ಊರಿನಿಂದ ಅತ್ತೆ ಮಾವ ಬಂದಾಗಲೂ ಇರಬಹುದೇ ಎಂಬುದನ್ನು ನೀವು ನಿರ್ಧರಿಸಬೇಕು. ಮನೆಯೊಳಗೆ ಮಾಂಸ ಬರಕೂಡದೆಂಬ ನಿಯಮವನ್ನು ನಾನು ಗೌರವಿಸುತ್ತೇನೆ. ಆ ನಿಯಮವಿರುವ ಮನೆಗೆ ಫೆರೆಟ್ ಬರಬಾರದು. ನಿಯಮವನ್ನು ಪ್ರಾಣಿಯ ಮೇಲೆ ಹೇರುವುದೆಂದರೆ ಅದನ್ನು ನಿಧಾನವಾಗಿ ಉಪವಾಸ ಕೆಡವಿದಂತೆ.

ವಾಸನೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅಮೆರಿಕದ ಅಂಗಡಿಗಳಲ್ಲಿ ಮಾರುವ ಮರಿಗಳಿಗೆ ಸಾಮಾನ್ಯವಾಗಿ ಐದಾರು ವಾರದಲ್ಲೇ ಸಂತಾನಹರಣ ಮಾಡಿ, ಗುದದ ಬಳಿಯ ಗಂಧಗ್ರಂಥಿಗಳನ್ನೂ ತೆಗೆದಿರುತ್ತಾರೆ. ಆದರೂ ಚರ್ಮದ ಎಣ್ಣೆಯಿಂದ ಬರುವ ಕಸ್ತೂರಿಯಂಥ ಘಾಟು ಉಳಿಯುತ್ತದೆ. ಪದೇ ಪದೇ ಸ್ನಾನ ಮಾಡಿಸಿದರೆ ಚರ್ಮ ಒಣಗಿ, ಎಣ್ಣೆ ಇನ್ನೂ ಹೆಚ್ಚು ಒಸರಿ ವಾಸನೆ ಹೆಚ್ಚುತ್ತದೆ. ವಾಸನೆ ಕಡಿಮೆ ಮಾಡುವ ದಾರಿಯೆಂದರೆ ಅದರ ಹಾಸಿಗೆ ಬಟ್ಟೆಗಳನ್ನು ವಾರವಾರ ಒಗೆಯುವುದು, ಮಲದ ತಟ್ಟೆಯನ್ನು ದಿನವೂ ಬಳಿಯುವುದು. ತಟ್ಟೆ ಬಳಸಲು ಅದು ಕಲಿಯುತ್ತದೆ, ಆದರೆ ಬೆಕ್ಕಿನಷ್ಟು ಅಚ್ಚುಕಟ್ಟಾಗಿ ಅಲ್ಲ. ಕೋಣೆಯ ಮೂಲೆ ಕಂಡರೆ ಅಲ್ಲೇ ಹಿಂದೆ ಸರಿದು ನಿಲ್ಲುತ್ತದೆ.

ರೋಗಗಳ ವಿಷಯದಲ್ಲಿ ಯಾವ ಮುಚ್ಚುಮರೆಯೂ ಬೇಡ. ಫೆರೆಟ್ ಆರರಿಂದ ಎಂಟು ವರ್ಷ ಬದುಕುತ್ತದೆ. ಮೂರು ವರ್ಷ ದಾಟಿದ ಮೇಲೆ ಎರಡು ಕಾಯಿಲೆಗಳು ಹೆಚ್ಚಾಗಿ ಕಾಣಿಸಿಕೊಳ್ಳುತ್ತವೆ. ಒಂದು ಮೂತ್ರಪಿಂಡದ ಬಳಿಯಿರುವ ಅಡ್ರಿನಲ್ ಗ್ರಂಥಿಯದು: ಬಾಲದಿಂದ ಶುರುವಾಗಿ ಕೂದಲು ಉದುರುತ್ತದೆ, ಗಂಡಿಗೆ ಮೂತ್ರ ಕಟ್ಟಬಹುದು. ತೀರ ಎಳೆಯ ವಯಸ್ಸಿನಲ್ಲಿ ಸಂತಾನಹರಣ ಮಾಡುವುದಕ್ಕೂ ಈ ಕಾಯಿಲೆಗೂ ಸಂಬಂಧವಿದೆ. ಇನ್ನೊಂದು ಮೇದೋಜೀರಕ ಗ್ರಂಥಿಯ ಗಡ್ಡೆ: ಇನ್ಸುಲಿನ್ ವಿಪರೀತವಾಗಿ ಸ್ರವಿಸಿ ರಕ್ತದ ಸಕ್ಕರೆ ಕುಸಿಯುತ್ತದೆ, ಪ್ರಾಣಿ ಒಂದೇ ಕಡೆ ದಿಟ್ಟಿಸುತ್ತ ನಿಲ್ಲುತ್ತದೆ, ಜೊಲ್ಲು ಸುರಿಸಿ ಮುಂಗಾಲಿನಿಂದ ಬಾಯಿ ಕೆರೆದುಕೊಳ್ಳುತ್ತದೆ, ಹಿಂಗಾಲು ಸೋಲುತ್ತವೆ. ಎರಡಕ್ಕೂ ಚಿಕಿತ್ಸೆಯಿದೆ, ಆದರೆ ಮರಿಯ ಬೆಲೆಯ ಹಲವು ಪಟ್ಟು ಖರ್ಚಿದೆ. ನೀವಿರುವ ಟೆಕ್ಸಾಸಿನಲ್ಲಿ ಸೊಳ್ಳೆಯಿಂದ ಬರುವ ಹೃದಯದ ಹುಳುವಿಗೆ ತಿಂಗಳಿಗೊಮ್ಮೆ ಔಷಧಿ ಕೊಡಲೇಬೇಕು. ಫೆರೆಟ್‌ನ ಪುಟ್ಟ ಹೃದಯಕ್ಕೆ ಒಂದೇ ಹುಳು ಸಾಕು, ಪ್ರಾಣ ಹೋಗಬಹುದು. ಡಿಸ್ಟೆಂಪರ್ (ನಾಯಿಗಳಿಗೂ ತಗುಲುವ ವೈರಸ್ ರೋಗ) ಮತ್ತು ರೇಬೀಸ್ ಲಸಿಕೆಗಳು ವರ್ಷವರ್ಷವೂ ಬೇಕು. ಕೆಲವು ಫೆರೆಟ್‌ಗಳಿಗೆ ಲಸಿಕೆ ಒಗ್ಗದೆ ವಾಂತಿ, ಊತ ಬರುವುದರಿಂದ ಚುಚ್ಚಿಸಿದ ಮೇಲೆ ಅರ್ಧ ತಾಸಾದರೂ ಆಸ್ಪತ್ರೆಯಲ್ಲೇ ಕುಳಿತಿರಬೇಕು.

ಊರಿಗೆ ಬರುವ ಐದಾರು ವಾರದ ಪ್ರಶ್ನೆ ಸಣ್ಣದೆಂದು ತೋರಬಹುದು. ನನ್ನ ದೃಷ್ಟಿಯಲ್ಲಿ ಹಲವು ಕನ್ನಡ ಕುಟುಂಬಗಳಿಗೆ ಇದೇ ದೊಡ್ಡದು. ನಾಯಿ ಬೆಕ್ಕುಗಳನ್ನು ನೋಡಿಕೊಳ್ಳುವ ವಸತಿ ಕೇಂದ್ರಗಳಲ್ಲಿ ಎಲ್ಲವೂ ಫೆರೆಟ್ ತೆಗೆದುಕೊಳ್ಳುವುದಿಲ್ಲ. ಪಕ್ಕದ ಮನೆಯ ಗೆಳೆಯರು ಬೆಳಿಗ್ಗೆ ಬಂದು ಬಟ್ಟಲು ತುಂಬಿ ಹೋದರೆ ಬೆಕ್ಕಿಗೆ ನಡೆದೀತು, ಇದಕ್ಕೆ ನಡೆಯದು. ಬಾಡಿಗೆ ಮನೆಯಾದರೆ ಕರಾರಿನಲ್ಲಿ ಫೆರೆಟ್‌ಗೆ ಅವಕಾಶವಿದೆಯೇ ಎಂಬುದನ್ನೂ ಓದಿ ನೋಡಿ.

ನನ್ನ ಅಭಿಪ್ರಾಯ: ಈಗ ತರಬೇಡಿ. ಹತ್ತು ವರ್ಷದ ಮಗುವನ್ನು ಈ ಪ್ರಾಣಿಯ ಯಜಮಾನಿ ಎಂದು ಎಣಿಸುವುದು ಮಗುವಿಗೂ ನ್ಯಾಯವಲ್ಲ. ಅವಳ ಹೈಸ್ಕೂಲು ಮುಗಿಯುವವರೆಗೆ ಈ ಪ್ರಾಣಿ ನಿಮ್ಮ ಜವಾಬ್ದಾರಿಯಾಗಿರುತ್ತದೆ. ಸಸ್ಯಾಹಾರಿ ಮನೆಗೆ ಮೊಲ ಎಷ್ಟೋ ಹೆಚ್ಚು ಹೊಂದುತ್ತದೆ. ಒಣಹುಲ್ಲು, ಸೊಪ್ಪು ಅದರ ಆಹಾರ. ಅದಕ್ಕೂ ಆರೈಕೆ ಬೇಕು, ಅದೂ ಎಂಟು ಹತ್ತು ವರ್ಷ ಬದುಕುತ್ತದೆ. ಆದರೆ ನಿಮ್ಮ ಅಡುಗೆಮನೆಗೂ ಅದರ ಹೊಟ್ಟೆಗೂ ಜಗಳವಿಲ್ಲ. ಮಗಳ ಆಸೆಯನ್ನು ಪೂರ್ತಿ ಮುರಿಯಬೇಕಾಗಿಯೂ ಇಲ್ಲ: ನಿಮ್ಮ ಸುತ್ತಮುತ್ತ ಫೆರೆಟ್ ಆಶ್ರಯ ಕೇಂದ್ರವಿದ್ದರೆ ಶನಿವಾರಗಳಲ್ಲಿ ಅವಳ ಜೊತೆ ನೀವೂ ಹೋಗಿ ಗೂಡು ತೊಳೆಯುವ, ಆಟವಾಡಿಸುವ ಕೆಲಸಕ್ಕೆ ಸೇರಿಕೊಳ್ಳಿ. ಕೆಲವು ತಿಂಗಳ ನಂತರವೂ ಅವಳ ಉತ್ಸಾಹ ಹಾಗೆಯೇ ಇದ್ದರೆ ಮತ್ತೆ ಬರೆಯಿರಿ.

ಪ್ರಶ್ನೆ: ನಾನು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿದ್ದೇನೆ. ಇಲ್ಲಿನ ಅಂಗಡಿಗಳಲ್ಲಿ ಫೆರೆಟ್ ಆಹಾರ, ಗೂಡು ಎಲ್ಲ ಸಿಗುತ್ತವೆ, ಪ್ರಾಣಿ ಮಾತ್ರ ಸಿಗುವುದಿಲ್ಲ. ಪಕ್ಕದ ನೆವಾಡಾದಿಂದ ಕಾರಿನಲ್ಲಿ ತಂದರಾಯಿತು, ಯಾರೂ ಕೇಳುವುದಿಲ್ಲ ಎಂದು ಸ್ನೇಹಿತರು ಹೇಳುತ್ತಾರೆ.

ಉತ್ತರ: ತರಬೇಡಿ. ಕ್ಯಾಲಿಫೋರ್ನಿಯಾದಲ್ಲಿ ಫೆರೆಟ್ ಸಾಕುವುದು ಕಾನೂನುಬಾಹಿರ. 1933ರಿಂದ ಬಂದಿರುವ ನಿಷೇಧ ಇಂದಿಗೂ ತೆರವಾಗಿಲ್ಲ. ಹವಾಯಿ ರಾಜ್ಯದಲ್ಲೂ, ನ್ಯೂಯಾರ್ಕ್ ನಗರದಲ್ಲೂ ಸಾಕುವಂತಿಲ್ಲ. ಇನ್ನು ಕೆಲವೆಡೆ ಅನುಮತಿ ಪತ್ರ ಬೇಕು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಮತ್ತು ನಾರ್ದರ್ನ್ ಟೆರಿಟರಿಯಲ್ಲೂ ನಿಷೇಧವಿದೆ. ಇದು ಅಧಿಕಾರಿಗಳ ಬರೀ ಹಟವೆಂದು ಭಾವಿಸಬೇಡಿ. ನ್ಯೂಜಿಲೆಂಡಿನಲ್ಲಿ 1880ರ ದಶಕದಲ್ಲಿ ಮೊಲಗಳ ಹಾವಳಿ ತಡೆಯಲೆಂದು ಫೆರೆಟ್‌ಗಳನ್ನು ಬಿಟ್ಟರು; ಅವು ಕಾಡು ಸೇರಿ, ನೆಲದ ಮೇಲೆ ಗೂಡು ಕಟ್ಟುವ, ಹಾರಲಾರದ, ಕಿವಿ (kiwi) ಎಂಬ ಹಕ್ಕಿಯಂಥವುಗಳ ಪಾಲಿಗೆ ಕಂಟಕವಾದವು. 2002ರಿಂದ ಅಲ್ಲಿ ಫೆರೆಟ್ ಮಾರುವುದು, ಮರಿ ಮಾಡಿಸುವುದು ನಿಂತಿದೆ. ಕ್ಯಾಲಿಫೋರ್ನಿಯಾದವರ ಭಯವೂ ಆ ಬಗೆಯದೇ. ಆ ಭಯ ಅತಿಯೆಂದು ವಾದಿಸುವವರು ಅಲ್ಲಿದ್ದಾರೆ, ಕಾನೂನು ಬದಲಾಯಿಸಲು ವರ್ಷಗಳಿಂದ ಪ್ರಯತ್ನಿಸುತ್ತಿದ್ದಾರೆ. ಅವರ ವಾದದಲ್ಲಿ ಹುರುಳಿದೆ ಎಂದೇ ನಾನೂ ಭಾವಿಸುತ್ತೇನೆ. ಆದರೆ ಕದ್ದು ತಂದ ಪ್ರಾಣಿ ಅನುಭವಿಸುವ ಕಷ್ಟ ಬೇರೆಯೇ. ಅದಕ್ಕೆ ಜ್ವರ ಬಂದಾಗ ಆಸ್ಪತ್ರೆಗೆ ಒಯ್ಯಲು ನೀವು ಹಿಂದೆಮುಂದೆ ನೋಡುತ್ತೀರಿ, ಮಕ್ಕಳಿಗೆ ಶಾಲೆಯಲ್ಲಿ ಯಾರಿಗೂ ಹೇಳಬೇಡಿ ಎನ್ನುತ್ತೀರಿ. ಅದು ಯಾರನ್ನಾದರೂ ಕಚ್ಚಿದರಂತೂ ಕಷ್ಟ ಇನ್ನೂ ಹೆಚ್ಚು. ಫೆರೆಟ್ ಸಾಕಲು ಅವಕಾಶವಿರುವ ಕಡೆ ಲಸಿಕೆ ಹಾಕಿಸಿದ ಪ್ರಾಣಿ ಕಚ್ಚಿದರೆ ನಾಯಿ ಬೆಕ್ಕಿನಂತೆ ಹತ್ತು ದಿನ ಪ್ರತ್ಯೇಕವಾಗಿಟ್ಟು ನೋಡುವ ಕ್ರಮವಿದೆ; ಕದ್ದು ಸಾಕಿದ ಪ್ರಾಣಿಗೆ ಆ ಅನುಕೂಲ ಸಿಗುತ್ತದೆಂಬ ಭರವಸೆಯಿಲ್ಲ. ವೀಸಾದ ಮೇಲೆ ಇರುವವರು ಇಂಥದ್ದರಲ್ಲಿ ಸಿಕ್ಕಿಕೊಳ್ಳಲೇಬಾರದು.

ಪ್ರಶ್ನೆ: ಫೆರೆಟ್ ಅಳಿವಿನಂಚಿನಲ್ಲಿರುವ ಪ್ರಾಣಿ ಎಂದು ಓದಿದ್ದೇನೆ. ಹಾಗಿದ್ದರೆ ಅದನ್ನು ಮನೆಯಲ್ಲಿ ಸಾಕುವುದು ಸರಿಯೇ? – ಧಾರವಾಡದ ವಿದ್ಯಾರ್ಥಿನಿ

ಉತ್ತರ: ನೀವು ಓದಿರುವುದು ಕಪ್ಪು ಕಾಲಿನ ಫೆರೆಟ್ ಬಗ್ಗೆ. ಅದು ಉತ್ತರ ಅಮೆರಿಕದ ಹುಲ್ಲುಗಾವಲಿನ ಕಾಡುಪ್ರಾಣಿ, ಬೇರೆಯೇ ಪ್ರಭೇದ. ಪೂರ್ತಿ ಅಳಿಯಿತೆಂದೇ ತಿಳಿದಿದ್ದಾಗ 1981ರಲ್ಲಿ ವಯೋಮಿಂಗ್ ರಾಜ್ಯದ ಮೀಟೀಟ್ಸಿ ಬಳಿ ಒಂದು ಸಾಕುನಾಯಿ ಅದನ್ನು ಹಿಡಿದು ತಂದದ್ದರಿಂದ ಇನ್ನೂ ಉಳಿದಿದೆಯೆಂದು ಗೊತ್ತಾಯಿತು. ಅಂಗಡಿಯಲ್ಲಿ ಮಾರುವ ಸಾಕು ಫೆರೆಟ್‌ಗೆ ಅಳಿವಿನ ಭಯವಿಲ್ಲ. ಇವೆರಡರ ನಡುವೆ ಒಂದು ಸೊಗಸಾದ ನಂಟೂ ಇದೆ: 1988ರಲ್ಲಿ ಸತ್ತ ಕಪ್ಪು ಕಾಲಿನ ಹೆಣ್ಣು ಫೆರೆಟ್ ಒಂದರ, ಶೀತಲೀಕರಿಸಿ ಕಾಪಾಡಿದ್ದ ಜೀವಕೋಶಗಳಿಂದ 2020ರ ಡಿಸೆಂಬರಿನಲ್ಲಿ ತದ್ರೂಪಿ ಮರಿಯೊಂದು ಹುಟ್ಟಿತು, ಅದನ್ನು ಹೊತ್ತು ಹೆತ್ತದ್ದು ಸಾಮಾನ್ಯ ಸಾಕು ಫೆರೆಟ್.

ಪ್ರಶ್ನೆ: ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇವೆ. ನಮ್ಮ ಸಹೋದ್ಯೋಗಿಯೊಬ್ಬರು ಕೆಲಸ ಬದಲಾಯಿಸಿ ದೂರ ಹೋಗುತ್ತಿದ್ದು, ಎರಡು ವರ್ಷದ ಹೆಣ್ಣು ಫೆರೆಟ್ ಅನ್ನು ನಮಗೆ ಕೊಡುತ್ತೇನೆ ಎನ್ನುತ್ತಿದ್ದಾರೆ. ಅದಕ್ಕೆ ಸಂತಾನಹರಣ ಆಗಿಲ್ಲ. ನಮ್ಮ ಮಗುವಿಗೆ ಎಂಟು ತಿಂಗಳು. ಬಾಣಂತನಕ್ಕೆ ಬಂದ ಅಮ್ಮ ಇನ್ನೂ ಶಿವಮೊಗ್ಗಕ್ಕೆ ಮರಳಿಲ್ಲ. ಒಳ್ಳೆಯ ಪ್ರಾಣಿ, ಬಿಡಲು ಮನಸ್ಸಾಗುತ್ತಿಲ್ಲ.

ಉತ್ತರ: ನಿಮ್ಮ ಪತ್ರ ಓದಿದಾಗ ಮೊದಲು ಚಿಂತೆಯಾದದ್ದು ಆ ಫೆರೆಟ್‌ನ ಬಗ್ಗೆ. ಹೆಣ್ಣು ಫೆರೆಟ್ ವಸಂತದಲ್ಲಿ ಹಗಲು ಉದ್ದವಾಗುತ್ತಿದ್ದಂತೆ ಬೆದೆಗೆ ಬರುತ್ತದೆ. ಗಂಡಿನ ಸಂಗವಾಗದಿದ್ದರೆ ಬೆದೆ ತಾನಾಗಿ ಇಳಿಯುವುದಿಲ್ಲ, ತಿಂಗಳುಗಟ್ಟಲೆ ಉಳಿಯಬಹುದು. ಅಷ್ಟೂ ಕಾಲ ಮೈಯಲ್ಲಿ ಏರಿದ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನು ಮೂಳೆಯ ಮಜ್ಜೆಯನ್ನು ಕುಗ್ಗಿಸಿ, ರಕ್ತ ಉತ್ಪತ್ತಿಯನ್ನೇ ನಿಲ್ಲಿಸುತ್ತದೆ. ಒಸಡು ಬಿಳಿಚಿ, ಚರ್ಮದಡಿ ರಕ್ತದ ಕಲೆಗಳು ಕಾಣುವ ಹೊತ್ತಿಗೆ ಉಳಿಸುವುದು ಕಷ್ಟ. ಇದನ್ನು ತಡೆಯಲು ಬೆದೆ ಇಳಿಸುವ ಚುಚ್ಚುಮದ್ದು, ಚರ್ಮದಡಿ ಇಡುವ ಹಾರ್ಮೋನಿನ ಗುಳಿಗೆ, ಶಸ್ತ್ರಚಿಕಿತ್ಸೆ ಹೀಗೆ ಹಲವು ದಾರಿಗಳಿವೆ. ಯಾವುದು ಸರಿಯೆಂದು ಅಲ್ಲಿನ ಪಶುವೈದ್ಯರು ಹೇಳುತ್ತಾರೆ. ಜನನಾಂಗ ಊದಿಕೊಂಡಿರುವುದು ಕಂಡರೆ ಅದು ಬೆದೆಯಲ್ಲಿದೆ ಎಂದರ್ಥ. ಪ್ರಾಣಿ ಯಾರ ಮನೆಗೆ ಹೋಗುವುದೆಂಬ ತೀರ್ಮಾನ ಆಗುವವರೆಗೆ ಕಾಯದೆ ಅದನ್ನು ಈ ವಾರವೇ ವೈದ್ಯರಿಗೆ ತೋರಿಸುವಂತೆ ಸಹೋದ್ಯೋಗಿಗೆ ಹೇಳಿ.

ನಿಮ್ಮ ಮನೆಯ ಬಗ್ಗೆ ಹೇಳುವುದಾದರೆ, ಮಗು ದೊಡ್ಡದಾಗುವವರೆಗೆ ಫೆರೆಟ್ ಬೇಡ. ಸಾಧು ಸ್ವಭಾವದ ಫೆರೆಟ್ ಕೂಡ ಆಟದಲ್ಲಿ ಹಲ್ಲು ಬಳಸುತ್ತದೆ. ತನ್ನ ಜೊತೆಗಾರರ ದಪ್ಪ ಚರ್ಮಕ್ಕೆ ನೋವಾಗದ ಕಡಿತ ಮಗುವಿನ ಕೆನ್ನೆಗೆ, ಬೆರಳಿಗೆ ಆಳವಾದ ಗಾಯವಾಗುತ್ತದೆ. ತೊಟ್ಟಿಲಲ್ಲಿ ಮಲಗಿದ್ದ ಹಸುಗೂಸುಗಳಿಗೆ ಫೆರೆಟ್‌ನಿಂದ ಗಂಭೀರ ಗಾಯಗಳಾದದ್ದು ವೈದ್ಯಕೀಯ ವರದಿಗಳಲ್ಲಿ ದಾಖಲಾಗಿದೆ. ನಿಮ್ಮ ಮಗು ಈಗ ಅಂಬೆಗಾಲಿಡುವ ವಯಸ್ಸಿನದು. ಸಿಕ್ಕಿದ್ದನ್ನು ಗಟ್ಟಿಯಾಗಿ ಹಿಡಿಯುತ್ತದೆ. ಹಿಡಿಸಿಕೊಂಡ ಫೆರೆಟ್ ಬಿಡಿಸಿಕೊಳ್ಳಲು ಕಚ್ಚುತ್ತದೆ. ಅದು ಅದರ ತಪ್ಪಲ್ಲ, ಮಗುವಿನ ತಪ್ಪೂ ಅಲ್ಲ.

ಇನ್ನೊಂದು ಸಂಗತಿ ಹೆಚ್ಚಿನವರಿಗೆ ತಿಳಿದಿರುವುದಿಲ್ಲ. ಮನುಷ್ಯರ ಫ್ಲೂ ಜ್ವರ ಫೆರೆಟ್‌ಗೆ ಹಾಗೆಯೇ ಅಂಟುತ್ತದೆ, ಅದರಿಂದ ಮನುಷ್ಯರಿಗೂ ಅಂಟುತ್ತದೆ. ಲಂಡನ್ನಿನ ವಿಜ್ಞಾನಿಗಳು 1933ರಲ್ಲಿ ಮನುಷ್ಯರ ಫ್ಲೂ ವೈರಸ್ಸನ್ನು ಮೊದಲು ಬೇರ್ಪಡಿಸಿದ್ದು ಫೆರೆಟ್‌ಗಳ ನೆರವಿನಿಂದಲೇ. ಕೂಸು ಮತ್ತು ವಯಸ್ಸಾದ ತಾಯಿ ಒಟ್ಟಿಗಿರುವ ಮನೆಯಲ್ಲಿ, ಇಂಗ್ಲೆಂಡಿನ ಚಳಿಗಾಲದಲ್ಲಿ, ಮುಚ್ಚಿದ ಕಿಟಕಿಗಳ ಒಳಗೆ ಇದನ್ನೂ ಯೋಚಿಸಬೇಕು. ಬ್ರಿಟನ್ನಿನ ಹಲವು ಊರುಗಳಲ್ಲಿ ಫೆರೆಟ್‌ಗಳಿಗೆಂದೇ ಆಶ್ರಯ ನೀಡುವವರಿದ್ದಾರೆ. ಸಹೋದ್ಯೋಗಿ ಅಂಥವರನ್ನು ಸಂಪರ್ಕಿಸಲು ನೀವು ನೆರವಾದರೆ ಆ ಪ್ರಾಣಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.

ಪ್ರಶ್ನೆ: ಬೆಂಗಳೂರಿನಲ್ಲಿ ಫೆರೆಟ್ ಮರಿಯನ್ನು ಮನೆಬಾಗಿಲಿಗೆ ತಂದುಕೊಡುತ್ತೇವೆಂದು ಮಾರಾಟಗಾರರೊಬ್ಬರು ಹೇಳುತ್ತಿದ್ದಾರೆ. ಇಲ್ಲಿನ ಹವೆ ತಂಪಾಗಿದೆ, ತೊಂದರೆಯಿಲ್ಲ ಎನ್ನುತ್ತಾರೆ. ಕೊಳ್ಳಬಹುದೇ? ಅದಕ್ಕಿಂತ ಮುಂಗುಸಿ ಮರಿ ಸಾಕಿದರೆ ಸುಲಭವಲ್ಲವೇ ಎಂದು ನಮ್ಮ ತಂದೆಯವರು ಕೇಳುತ್ತಾರೆ.

ಉತ್ತರ: ತಂದೆಯವರ ಪ್ರಶ್ನೆಗೆ ಉತ್ತರ ಸುಲಭ: ಮುಂಗುಸಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತ ಪ್ರಾಣಿ. ಹಿಡಿಯುವುದೂ ಸಾಕುವುದೂ ಅಪರಾಧ.

ಫೆರೆಟ್ ವಿಷಯದಲ್ಲೂ ನನ್ನ ಸಲಹೆ ಬೇಡವೆಂದೇ. ಇದು ನಮ್ಮ ನಾಡಿನ ಪ್ರಾಣಿಯಲ್ಲ. ಜೀವಂತ ಪ್ರಾಣಿಗಳ ಆಮದಿಗೆ ಕೇಂದ್ರ ಸರ್ಕಾರದ ನಿಯಮಗಳಿವೆ, ಬಂದ ಪ್ರಾಣಿ ಕ್ವಾರಂಟೈನ್ ಮುಗಿಸಿರಬೇಕು. ಮಾರುವ ಅಂಗಡಿ 2018ರ ಸಾಕುಪ್ರಾಣಿ ಅಂಗಡಿ ನಿಯಮಗಳ ಪ್ರಕಾರ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ಈ ಕಾಗದಪತ್ರ ತೋರಿಸಿ ಎಂದು ಕೇಳಿ ನೋಡಿ. ಮನೆಬಾಗಿಲಿಗೆ ತಂದುಕೊಡುವವರ ಉತ್ತರದಿಂದಲೇ ಹೆಚ್ಚಿನದು ತಿಳಿಯುತ್ತದೆ.

ಕಾಗದಪತ್ರ ಸರಿಯಿದ್ದರೂ ಹವೆಯ ಪ್ರಶ್ನೆ ಉಳಿಯುತ್ತದೆ. ಫೆರೆಟ್ ಬೆವರಿ ಮೈ ತಣಿಸಿಕೊಳ್ಳಲಾರದು. ಅದಕ್ಕೆ 15ರಿಂದ 21 ಡಿಗ್ರಿ ಸೆಲ್ಸಿಯಸ್ ಹಿತ. 27 ದಾಟಿದರೆ ಕಷ್ಟ ಶುರು, 32 ದಾಟಿದರೆ ಪ್ರಾಣಾಪಾಯ. ಬೆಂಗಳೂರಿನಲ್ಲಿ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ದಾಖಲಾಗಿತ್ತು. ಮಾರ್ಚಿನಿಂದ ಮೇವರೆಗೆ ಹಗಲಿಡೀ ಹವಾನಿಯಂತ್ರಕ ಓಡಿಸಬೇಕು, ಕರೆಂಟ್ ಹೋದಾಗ ಮನೆಯಲ್ಲಿ ಯಾರಾದರೂ ಇರಬೇಕು. ಕಲಬುರಗಿ, ರಾಯಚೂರಿನವರು ಈ ಯೋಚನೆಯನ್ನೇ ಮಾಡಬಾರದು.

ಡಿಸ್ಟೆಂಪರ್ ಇನ್ನೂ ದೊಡ್ಡ ಭಯ. ನಮ್ಮ ಬೀದಿನಾಯಿಗಳಲ್ಲಿ ಕಾಣಿಸಿಕೊಳ್ಳುತ್ತಲೇ ಇರುವ ಈ ರೋಗ ಫೆರೆಟ್‌ಗೆ ತಗುಲಿದರೆ ಬದುಕುಳಿಯುವುದು ಇಲ್ಲವೆಂದೇ ಹೇಳಬೇಕು. ಲಸಿಕೆ ಹಾಕಿಸಿದರಾಯಿತು ಎನ್ನುವಂತಿಲ್ಲ, ಏಕೆಂದರೆ ನಾಯಿಗಳಿಗೆಂದು ತಯಾರಿಸಿದ ಕೆಲವು ಲಸಿಕೆಗಳು ಫೆರೆಟ್‌ನಲ್ಲಿ ಆ ರೋಗವನ್ನೇ ಉಂಟುಮಾಡಬಲ್ಲವು. ಯಾವ ಲಸಿಕೆ ಹಾಕುತ್ತೀರಿ, ಫೆರೆಟ್‌ಗೆ ಅರಿವಳಿಕೆ ಕೊಟ್ಟು ಅನುಭವವಿದೆಯೇ ಎಂದು ನಿಮ್ಮ ಪಶುವೈದ್ಯರನ್ನು ಮುಂಚೆಯೇ ಕೇಳಿ. ಸ್ಪಷ್ಟ ಉತ್ತರ ಸಿಗದಿದ್ದರೆ ಕೊಳ್ಳಬೇಡಿ. ಚುರುಕಾದ, ಆಟವಾಡುವ ಪ್ರಾಣಿ ಬೇಕೆಂಬುದು ನಿಮ್ಮ ಆಸೆಯಾದರೆ ನಮ್ಮ ಬೀದಿಯ ಒಂದು ಬೆಕ್ಕಿನ ಮರಿ ಸಾಕು. ಅದಕ್ಕೆ ಮನೆಯೂ ಬೇಕಾಗಿದೆ, ನಮ್ಮ ಬಿಸಿಲೂ ಅದಕ್ಕೆ ಒಗ್ಗಿದೆ.

ಪ್ರಶ್ನೆ: ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿದ್ದೇನೆ, ಮನೆಯಿಂದಲೇ ಕೆಲಸ. ಪತ್ನಿಗೂ ನನಗೂ ಹಿಂದೆ ಬೆಕ್ಕು ಸಾಕಿದ ಅನುಭವವಿದೆ, ಮಾಂಸಾಹಾರಕ್ಕೆ ಅಡ್ಡಿಯಿಲ್ಲ, ಮನೆಯಲ್ಲಿ ಚಿಕ್ಕ ಮಕ್ಕಳಿಲ್ಲ. ವರ್ಷದಿಂದ ಯೋಚಿಸಿ ಫೆರೆಟ್ ಸಾಕಬೇಕೆಂದು ತೀರ್ಮಾನಿಸಿದ್ದೇವೆ. ಹೇಗೆ ಆರಿಸಬೇಕು?

ಉತ್ತರ: ನಿಮ್ಮ ಮನೆಗೆ ಫೆರೆಟ್ ಹೊಂದುತ್ತದೆ ಎಂದು ಸಂತೋಷದಿಂದ ಬರೆಯುತ್ತಿದ್ದೇನೆ. ಹೊಂದುವ ಮನೆಯಲ್ಲಿ ಇದು ಕೊಡುವ ಖುಷಿಯೇ ಬೇರೆ. ನಿದ್ರೆಯಿಂದ ಎದ್ದು, ಮೈ ಬಿಲ್ಲಿನಂತೆ ಬಗ್ಗಿಸಿ, ಅಡ್ಡಡ್ಡ ಕುಪ್ಪಳಿಸುತ್ತ, ಗಂಟಲಿನಲ್ಲಿ ‘ಡುಕ್ ಡುಕ್’ ಎಂದು ಸದ್ದು ಮಾಡುತ್ತ ನಿಮ್ಮನ್ನು ಆಟಕ್ಕೆ ಕರೆಯುತ್ತದೆ. ಸಂಭ್ರಮ ಹೆಚ್ಚಾಗಿ ಕುರ್ಚಿಯ ಕಾಲಿಗೆ ಡಿಕ್ಕಿ ಹೊಡೆದು ಉರುಳಿ, ಮತ್ತೆ ಎದ್ದು ಕುಣಿಯುತ್ತದೆ. ಹೊಸಬರು ಇದನ್ನು ಕೋಪವೆಂದೋ ಸೆಳೆತವೆಂದೋ ಭಾವಿಸಿ ಗಾಬರಿಯಾಗುತ್ತಾರೆ.

ಮರಿಗಿಂತ ಎರಡು ಮೂರು ವರ್ಷದ, ಈಗಾಗಲೇ ಒಟ್ಟಿಗಿರುವ ಜೋಡಿಯನ್ನು ಆಶ್ರಯ ಕೇಂದ್ರದಿಂದ ತನ್ನಿ. ಒಂಟಿ ಫೆರೆಟ್‌ಗೆ ನೀವು ಎಷ್ಟು ಹೊತ್ತು ಕೊಟ್ಟರೂ ಸಾಲದು. ಜೋಡಿಯಿದ್ದರೆ ಒಂದರ ಮೇಲೊಂದು ಬಿದ್ದು ಮಲಗುತ್ತವೆ, ತಮ್ಮಷ್ಟಕ್ಕೆ ಆಡಿಕೊಳ್ಳುತ್ತವೆ. ದೊಡ್ಡವಾದ್ದರಿಂದ ಸ್ವಭಾವ ಮೊದಲೇ ತಿಳಿಯುತ್ತದೆ, ಮರಿಗಳಿಗೆ ಕಚ್ಚಬಾರದೆಂದು ಕಲಿಸುವ ತಿಂಗಳುಗಳ ಪಾಡೂ ತಪ್ಪುತ್ತದೆ. ನೋಡಲು ಹೋದಾಗ ಅವು ನಿದ್ರೆಯಿಂದ ಎದ್ದು ಹತ್ತು ನಿಮಿಷ ಓಡಾಡುವವರೆಗೆ ಕಾಯಿರಿ. ಕಣ್ಣು ಹೊಳೆಯುತ್ತಿರಬೇಕು, ಬಾಲದ ಕೂದಲು ದಟ್ಟವಾಗಿರಬೇಕು, ಹಿಂಗಾಲು ಎಳೆಯಬಾರದು. ಕತ್ತಿನ ಹಿಂಭಾಗದ ಸಡಿಲ ಚರ್ಮ ಹಿಡಿದು, ಇನ್ನೊಂದು ಕೈಯಿಂದ ಹಿಂಗಾಲಿಗೆ ಆಸರೆ ಕೊಟ್ಟು ಎತ್ತಲು ಅಲ್ಲಿನವರಿಗೆ ಹೇಳಿ; ಫೆರೆಟ್ ಮೈ ಸಡಿಲಬಿಟ್ಟು ದೊಡ್ಡದಾಗಿ ಆಕಳಿಸುತ್ತದೆ. ಆ ಕ್ಷಣದಲ್ಲಿ ಹಲ್ಲು, ಒಸಡು ಚೆನ್ನಾಗಿ ಕಾಣುತ್ತವೆ: ಒಸಡು ನಸುಗೆಂಪಾಗಿರಬೇಕು, ಕೋರೆಹಲ್ಲು ಮುರಿದಿರಬಾರದು. ಹಣೆಯ ಮೇಲೆ ಬಿಳಿಯ ಪಟ್ಟೆಯಿರುವ ಫೆರೆಟ್‌ಗಳಲ್ಲಿ ಹಲವು ಕಿವುಡಾಗಿರುತ್ತವೆ. ಕಿವುಡೆಂದು ಬಿಡಬೇಕಾಗಿಲ್ಲ, ಎಬ್ಬಿಸುವಾಗ ಬೆಚ್ಚಿಬೀಳದಂತೆ ಮೂಗಿನ ಬಳಿ ಕೈ ತಂದು ವಾಸನೆ ಹಿಡಿಯಲು ಬಿಟ್ಟರೆ ಸಾಕು.

ಅಲ್ಲಿ ಅವು ಏನು ತಿನ್ನುತ್ತಿದ್ದವೋ ಅದನ್ನೇ ಮೊದಲ ಕೆಲವು ವಾರ ಮುಂದುವರಿಸಿ. ಎಳೆಯದರಲ್ಲಿ ರೂಢಿಯಾದ ಆಹಾರವನ್ನಷ್ಟೇ ಆಹಾರವೆಂದು ಗುರುತಿಸುವ ಸ್ವಭಾವ ಇವಕ್ಕಿದೆ, ಥಟ್ಟನೆ ಬದಲಾಯಿಸಿದರೆ ಹಸಿದರೂ ಬಾಯಿ ಹಾಕುವುದಿಲ್ಲ. ಹೊಸದನ್ನು ಹಳೆಯದರ ಜೊತೆ ಸ್ವಲ್ಪ ಸ್ವಲ್ಪವೇ ಬೆರೆಸುತ್ತ ಹೋಗಿ. ನಿಮ್ಮ ಊರಿನ ಹವೆ ಇವಕ್ಕೆ ಹೇಳಿ ಮಾಡಿಸಿದಂತಿದೆ, ಆದರೆ ಜೂನ್ ಜುಲೈನಲ್ಲಿ ಬಿಸಿಲು ಬೀಳುವ ಕಿಟಕಿಯ ಬಳಿ ಗೂಡು ಇಡಬೇಡಿ, ನಿಲ್ಲಿಸಿದ ಕಾರಿನಲ್ಲಿ ಐದು ನಿಮಿಷವೂ ಬಿಡಬೇಡಿ. ಎಲ್ಲಕ್ಕಿಂತ ಮೊದಲು ಹತ್ತಿರದ ಪಶುವೈದ್ಯಾಲಯಗಳಿಗೆ ಫೋನ್ ಮಾಡಿ, ಫೆರೆಟ್‌ಗಳನ್ನು ನಿಯಮಿತವಾಗಿ ನೋಡುವ ವೈದ್ಯರು ಯಾರಿದ್ದಾರೆ, ರಾತ್ರಿ ತುರ್ತಾದರೆ ಎಲ್ಲಿಗೆ ಒಯ್ಯಬೇಕು, ವಿಮೆ ಸಿಗುತ್ತದೆಯೇ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಅಲ್ಲಿ ಹೆಸರು ನೋಂದಾಯಿಸಿದ ಮೇಲೆ ಆಶ್ರಯ ಕೇಂದ್ರಕ್ಕೆ ಹೋಗಿ.